ಹುಳು ತಿಂದ ನನ್ನ ಮಾತ್ರೆ

ಹುಳಕ್ಕೆ ನನ್ನ ರೋಗ ಹತ್ತುತ್ತದಂತೆ.

ಕಾಟಮ್ಮ ಇದನ್ನು ನನಗೆ ಹೇಳಲಿಲ್ಲ, ಗೋಡೆಗೆ ಹೇಳಿದಳು. ನನ್ನ ಮುಖ ನೋಡಿ ಮಾತಾಡುವುದು ಅವಳಿಗೆ ಆಗದು. ನಾನು ಅಂಗಳದಲ್ಲಿ ನಿಂತಿದ್ದರೆ ಅವಳು ಹುಳುಮನೆಯ ಗೋಡೆಯ ಕಡೆ ತಿರುಗಿ, "ಸೊಪ್ಪು ಅಲ್ಲೇ ಇಳಿಸ್ಲಿ, ಒಳಕ್ ಬರೋದ್ ಬ್ಯಾಡ" ಅನ್ನುತ್ತಾಳೆ. ಗೋಡೆ ಕೇಳಿಸಿಕೊಳ್ಳುತ್ತದೆ. ನಾನೂ ಕೇಳಿಸಿಕೊಳ್ಳುತ್ತೇನೆ. ಇಬ್ಬರೂ ತಿರುಗಿ ಮಾತಾಡುವುದಿಲ್ಲ.

ಕದರಪ್ಪ, ಕಾಟಮ್ಮ ನಮ್ಮ ಊರಿನಲ್ಲಿ ರೇಷ್ಮೆ ಹುಳು ಸಾಕುವ ದೊಡ್ಡ ಮನೆಯವರು. ಊರು ರೊಳ್ಳದ ಕಡೆ, ಕನ್ನಡ ಮಾತಾಡುವ ತೆಲುಗು ಗಡಿ. ರತ್ನಗಿರಿ ಕೋಟೆ ಕಾಣುವ ದಿಕ್ಕಿಗೆ ಅವರ ಹಿಪ್ಪುನೇರಳೆ ತೋಟ, ತೋಟದ ತುದಿಗೆ ಅವರ ಮನೆ, ಅದೇ ಅಂಗಳಕ್ಕೆ ಹುಳುಮನೆ. ಉದ್ದನೆಯ ಶೆಡ್ಡು. ಕಿಟಕಿಗೆ ನೊಣ ನುಗ್ಗದಂತೆ ನೈಲಾನ್ ಬಲೆ. ಬಾಗಿಲ ಮುಂದೆ ತುಳಿದು ಹೋಗಲು ಸುಣ್ಣದ ಪುಡಿ. ಹುಳಕ್ಕೆ ಆಗದ್ದು ಬಹಳ. ಅಗರಬತ್ತಿ ಆಗದು, ಬೀಡಿ ಹೊಗೆ ಆಗದು, ಒಗ್ಗರಣೆ ಘಾಟು ಆಗದು, ಮುಟ್ಟಾದವರು ಆಗದು. ಆ ಸಾಲಿನ ಕೊನೆಗೆ ನಾನು ಸೇರಿದೆ. ನಮ್ಮ ಕೇರಿಯ ಬೇರೆ ಹೆಂಗಸರು ಒಳಗೆ ಹೋಗಿ ಹುಳಕ್ಕೆ ಸೊಪ್ಪು ಹಾಸಬಹುದು. ನಾನು ಅಂಗಳದ ಅಂಚಿನವರೆಗೆ.

ನನ್ನ ಹೆಸರು ಸೌಮ್ಯ. ಎಚ್‌ಐವಿ ನನಗೆ ಹುಟ್ಟುವಾಗಲೇ ಬಂತು. ಅಪ್ಪ ಅಮ್ಮ ಕೆಲಸಕ್ಕೆಂದು ಊರು ಬಿಟ್ಟು ಹೋಗಿದ್ದವರು ಕಾಯಿಲೆ ಹೊತ್ತು ಬಂದರು, ಒಬ್ಬರ ಹಿಂದೆ ಒಬ್ಬರು ಹೋದರು. ಇದಕ್ಕೆ ಮಾತ್ರೆ ಇದೆ ಎಂದು ಅವರಿಗೆ ಯಾರೂ ಹೇಳಲಿಲ್ಲ. ಗೊತ್ತಿದ್ದವರೂ ಹೇಳಲಿಲ್ಲ. ಅಮ್ಮ ಸತ್ತ ದಿನ ಹೊರಲು ಹೆಗಲು ಸಿಗದೆ ನಮ್ಮಜ್ಜಿ ಜುಂಜಮ್ಮ ಎತ್ತಿನ ಗಾಡಿ ಕೇಳಿಕೊಂಡು ಊರೆಲ್ಲ ಅಲೆದಳು. ನನ್ನನ್ನು ಸಾಕಿದ್ದು ಅವಳೇ. ಆರನೇ ಕ್ಲಾಸಿನಲ್ಲಿ ನನ್ನ ಚಾಪೆ ವರಾಂಡಕ್ಕೆ ಬಂತು. ತಟ್ಟೆ ಕಾಂಪೌಂಡಿಗೆ ಹೋಯಿತು. ಯಾರೂ ಹೋಗು ಅನ್ನಲಿಲ್ಲ, ಬಾ ಅನ್ನುವುದನ್ನು ನಿಲ್ಲಿಸಿದರು ಅಷ್ಟೇ. ಶಾಲೆ ಬಿಟ್ಟೆ.

ಮಾತ್ರೆ ದಿನಕ್ಕೊಂದು. ಬಿಳಿ, ಉದ್ದ, ಕುದುರೆಗೆ ಮಾಡಿದ್ದೇನೋ ಅನ್ನುವಷ್ಟು ದಪ್ಪ. ಸಂಜೆ ಊಟ ಮಾಡಿ ಅದೇ ಹೊತ್ತಿಗೆ ನುಂಗಬೇಕು. ಅಜ್ಜಿಗೆ ಗಡಿಯಾರ ನೋಡಲು ಬಾರದು. ಪಕ್ಕದ ಮನೆಯ ಟಿವಿಯಲ್ಲಿ ತೆಲುಗು ಸೀರಿಯಲ್ ಶುರುವಾದರೆ, "ಅಮ್ಮೀ, ಅತ್ತೆ ಸೊಸೆ ಜಗಳಕ್ ಬಿದ್ರು, ಮಾತ್ರೆ ನುಂಗು" ಎಂದು ಕೂಗುತ್ತಾಳೆ. ಭಾನುವಾರ ಸೀರಿಯಲ್ಲಿಗೆ ರಜೆ. ಆ ದಿನ ಅಜ್ಜಿ ತಾನೇ ಯಾರ ಜೊತೆಗಾದರೂ ಜಗಳ ತೆಗೆದು ಹೊತ್ತು ಕಾಯುತ್ತಾಳೆ.

ಮೊದಲು ನಾನು ಕಡ್ಡಿ ಇದ್ದಂತೆ ಇದ್ದೆ. ಬಾಯೆಲ್ಲ ಹುಣ್ಣು. ಮಾತ್ರೆ ಸರಿಯಾಗಿ ನುಂಗಿದ ಮೇಲೆ ಮೈ ತುಂಬಿತು. ಮಾತ್ರೆ ಕೊಡುವುದು ಸರ್ಕಾರಿ ಆಸ್ಪತ್ರೆಯ ಸೆಂಟರಿನಲ್ಲಿ. ಹೋದ ಸಲ ಅಲ್ಲಿ ರಕ್ತ ನೋಡಿದ ಡಾಕ್ಟರ್ ಮೇಡಂ, "ವೈರಸ್ ಕಾಣಿಸ್ತಿಲ್ಲಮ್ಮ, ಅಷ್ಟು ಅಡಗಿದೆ. ಹೀಗೇ ಬಿಡದೆ ನುಂಗು. ಮದುವೆಯಾದರೂ ಗಂಡನಿಗೆ ಹೋಗಲ್ಲ" ಅಂದರು. ಗಂಡನ ಮಾತು ಕೇಳಿ ನಾಚಿ ವೇಲಿನಲ್ಲಿ ಮುಖ ಮುಚ್ಚಿಕೊಂಡೆ. ಗಂಡನಿಗೇ ಹೋಗದ್ದು ಹುಳಕ್ಕೆ ಹೇಗೆ ಹೋಗುತ್ತದೆ ಎಂದು ಕೇಳಬೇಕಿತ್ತು, ಹೊಳೆಯಲಿಲ್ಲ.

ಹುಳು ಪೊರೆ ಬಿಡಲು ತಿನ್ನುವುದನ್ನು ನಿಲ್ಲಿಸಿ ತಲೆ ಎತ್ತಿ ಕೂತರೆ ನಮ್ಮಲ್ಲಿ ಅದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳುವಿಗೆ ರಾಕ್ಷಸ ಹಸಿವು. ತಿನ್ನುವ ಸದ್ದು ತಗಡಿನ ಮೇಲೆ ಮಳೆ ಬಿದ್ದಂತೆ. ಆಗ ಬೆಳಗಿನಿಂದ ಸಂಜೆವರೆಗೂ ಸೊಪ್ಪು ಕೊಯ್ಯಬೇಕು. ಬೆರಳ ಸಂದಿಗೆ ಕಡ್ಡಿಯ ಹಾಲು ಅಂಟಿ ಕಪ್ಪಾಗುತ್ತದೆ. ಕೆಂಜಿಗ ಕುತ್ತಿಗೆಯೊಳಗೆ ಇಳಿಯುತ್ತದೆ. ಎರಡೂ ಕೈ ತಲೆಯ ಹೊರೆ ಹಿಡಿದಿರುವಾಗ ಅದನ್ನು ಕೊಡವಲು ಮೂರನೇ ಕೈ ಇರುವುದಿಲ್ಲ. ಹೊರೆ ಕತ್ತನ್ನು ಹೆಗಲೊಳಕ್ಕೆ ತಳ್ಳುತ್ತದೆ. ಹಾಗೆ ಹೊತ್ತು ತಂದದ್ದನ್ನು ಅಂಗಳದ ಅಂಚಿನಲ್ಲಿ ಇಳಿಸಿ ದೂರ ನಿಲ್ಲಬೇಕು. ನಾನು ಕೊಯ್ದದ್ದು ಹುಳು ತಿನ್ನಬಹುದು, ಕೊಯ್ದವಳು ಬಾಗಿಲು ದಾಟಬಾರದು. ಇದನ್ನು ಯೋಚಿಸಿದರೆ ನನಗೆ ನಗು ಬರುತ್ತಿತ್ತು. ನಾಚಿಕೆಯ ಹುಡುಗಿ ಎಂದು ಹೆಸರಾದವಳು ವೇಲಿನೊಳಗೇ ನಗಬೇಕು.

ಆ ದಿನಗಳಲ್ಲಿ ಸಂಜೆಯ ಊಟವೂ ಅಲ್ಲೇ. ಹಾಗಾಗಿ ಮಾತ್ರೆಯ ಡಬ್ಬಿ ಬುತ್ತಿ ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದೆ. ಶೆಡ್ಡಿನ ಪಕ್ಕದಲ್ಲಿ ಸೊಪ್ಪು ಬಾಡದಂತೆ ಒದ್ದೆ ಗೋಣಿ ಹೊದಿಸಿಡುವ ತಂಪಾದ ಕೋಣೆಯೊಂದಿದೆ. ತೋಟದ ಕಡೆಗಿರುವ ಅದರ ಹೊರಗೋಡೆಯ ಗೂಟಕ್ಕೆ ಚೀಲ ತೂಗುಹಾಕಿ ತೋಟಕ್ಕೆ ಇಳಿಯುತ್ತಿದ್ದೆ.

ಡಬ್ಬಿ ಅಲ್ಲಾಡಿಸಿದರೆ ಬರುವ ಸದ್ದು ನನಗೆ ಗೊತ್ತು. ತುಂಬಿದ ಡಬ್ಬಿ ಮೆಲ್ಲಗೆ ಗೊಣಗುತ್ತದೆ, ಖಾಲಿಯಾಗುತ್ತ ಬಂದ ಡಬ್ಬಿ ಗಿಲಕಿಯ ಹಾಗೆ ಕೂಗುತ್ತದೆ. ಹೊಸ ಡಬ್ಬಿ ಬಂದು ಬಹಳ ದಿನವಾಗಿರಲಿಲ್ಲ, ಆಗಲೇ ಅದು ಕೂಗತೊಡಗಿತು.

"ಎರಡೆರಡು ನುಂಗ್ತಾ ಇದ್ದೀಯೇನೇ?" ಅಜ್ಜಿ ಕೇಳಿದಳು.

"ಇಲ್ಲಜ್ಜಿ."

"ಮತ್ತೆ ಇಲಿ ತಿಂತೇನೋ."

ಮುಚ್ಚಳ ಒತ್ತಿ ತಿರುಗಿಸಿ ತೆಗೆದು, ತಿಂದು, ಮತ್ತೆ ಬಿಗಿಯಾಗಿ ಮುಚ್ಚಿಡುವ ಇಲಿ ನಮ್ಮ ಮಂಡಲದಲ್ಲಿ ಇಲ್ಲ. ನಾನು ಸುಮ್ಮನೆ ನೋಡತೊಡಗಿದೆ. ನೋಡುವುದು ನನಗೆ ಬರುವ ಕೆಲಸ. ಮಾತಾಡದವರನ್ನು ಜನ ಇದ್ದಾರೆಂದೇ ಎಣಿಸುವುದಿಲ್ಲ, ಅವರ ಎದುರಿಗೇ ಎಲ್ಲ ಮಾಡುತ್ತಾರೆ.

ಒಂದು ಮಧ್ಯಾಹ್ನ ಹೊರೆ ಇಳಿಸಿ ಶೆಡ್ಡಿನ ಹಿಂದೆ ನೀರು ಕುಡಿಯಲು ಹೋದೆ. ಕಿಟಕಿಯ ಬಲೆಯೊಳಗಿನಿಂದ ಮಾತು ಬಂತು.

"ಇನ್ನೂ ವಸಿ ಸಣ್ಣಗ್ ಕುಟ್ಟಬೇಕಿತ್ತು ಕಣ್ರೀ, ಗಂಟ್ ಗಂಟಾಗೈತೆ." ಕಾಟಮ್ಮ.

"ಕಲ್ಲಿದ್ದಂಗೈತೆ ಮಾತ್ರೆ. ನನ್ ರಟ್ಟೆ ಬಿದ್ದೋಯ್ತು. ಪುಡಿ ಮೂಗಿಗೆ ಹೋಗಿ ಸೀನಿ ಸೀನಿ ಸಾಕಾಯ್ತು." ಕದರಪ್ಪ.

ಬಲೆಗೆ ಕಣ್ಣಿಟ್ಟೆ. ಕಾಟಮ್ಮನ ಕೈಯಲ್ಲಿ ಬೇವಿನ ಸೊಪ್ಪಿನ ಕಟ್ಟು, ಮುಂದೆ ಬಕೆಟ್ಟು. ಬಕೆಟ್ಟಿನಲ್ಲಿ ಹಾಲಿನಂಥ ನೀರು. ಅದರಲ್ಲಿ ಅದ್ದಿ ಅದ್ದಿ ಸೊಪ್ಪಿನ ಮೇಲೆ ಚಿಮುಕಿಸುತ್ತಿದ್ದಳು, ಮನೆಗೆ ತೀರ್ಥ ಹಾಕುವವಳ ಹಾಗೆ.

"ಆ ಹುಡ್ಗಿ ಹೆಂಗಿದ್ಲು ಗ್ಯಾಪ್ನ ಐತಾ? ಬಟ್ಟೆ ತಗಲಾಕಿದ ಗೂಟ ಇದ್ದಂಗಿದ್ಲು. ಈಗ ಕೆನ್ನೆ ನೋಡ್ರಿ. ಅಂಥವಳನ್ನೇ ಎಬ್ಬಿಸಿ ಕೂರ್ಸಿದ್ ಮಾತ್ರೆಗೆ ಹುಳದ ಸಪ್ಪೆ ರೋಗ ಯಾವ್ ಲೆಕ್ಕ? ತಿನ್ರಪ್ಪ, ತಿನ್ರಿ ನನ್ ಮಕ್ಳೆ."

ಹುಳು ಮಂಕಾದರೆ ಮೆಡಿಕಲ್ ಶಾಪಿನಿಂದ ಮನುಷ್ಯರ ಮಾತ್ರೆ ತಂದು ಪುಡಿ ಮಾಡಿ ಸೊಪ್ಪಿಗೆ ಚಿಮುಕಿಸುವವರು ಈ ಕಡೆ ಇದ್ದಾರೆ. ಜ್ವರದ ಮಾತ್ರೆ, ಭೇದಿಯ ಮಾತ್ರೆ. ಹೋದ ಬೆಳೆ, ಹುಳು ಮೆತ್ತಗಾಗಿ ಸಾಯುವ ಸಪ್ಪೆ ರೋಗಕ್ಕೆ ಹೋಗಿತ್ತು. ಈ ಸಲ ಒಂದಷ್ಟು ಹುಳು ಜೋತುಬಿದ್ದದ್ದೇ ತಡ, ಗಂಡ ಹೆಂಡತಿಗೆ ನನ್ನ ಡಬ್ಬಿ ಹೊಳೆದಿದೆ.

ನನಗೆ ಮೊದಲು ಬಂದದ್ದು ನಗುವೇ. ವೇಲು ಕಚ್ಚಿಕೊಂಡು ಗೋಡೆಗೆ ಒರಗಿ ಕೂತೆ. ನಾನು ಒಳಗೆ ಹೋದರೆ ಹುಳು ಸಾಯುತ್ತವೆ, ನನ್ನ ಮಾತ್ರೆ ಒಳಗೆ ಹೋದರೆ ಬದುಕುತ್ತವೆ. ಸೊಪ್ಪು ನನ್ನದು, ಮಾತ್ರೆ ನನ್ನದು. ನಡುವೆ ನಾನೂ ಬದುಕಬೇಕು ಅನ್ನುವುದು ಮಾತ್ರ ಯಾರ ತಲೆಗೂ ಬಂದಿರಲಿಲ್ಲ.

ಎದ್ದು ಹೋಗಿ ಚೀಲ ತೆಗೆದು ಡಬ್ಬಿ ಬಗ್ಗಿಸಿದೆ. ಅಂಗೈಗೆ ಬಿದ್ದದ್ದು ಒಂದೇ ಒಂದು ಮಾತ್ರೆ. ಸೆಂಟರಿಗೆ ಹೋಗಬೇಕಾದ ದಿನ ಇನ್ನೂ ಎಲ್ಲೋ ಇತ್ತು.

ನಗು ಹೋಯಿತು. ಅಮ್ಮನ ಕೊನೆಯ ದಿನಗಳ ಮುಖ ಕಣ್ಣಿಗೆ ಬಂತು.

ಅನ್ನದಾನಮ್ಮನಿಗೆ ಫೋನ್ ಮಾಡಿದೆ. ಅವಳು ರಾಯದುರ್ಗದವಳು, ಮದುವೆಯಾಗಿ ಮಡಕಶಿರಾಕ್ಕೆ ಬಂದವಳು. ಗಂಡ ಸತ್ತ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ ಕರಿಯುತ್ತಾಳೆ. ನಾನು ಚಿಕ್ಕವಳಿದ್ದಾಗಿನಿಂದ ಸೆಂಟರಿನ ಬೆಂಚಿನಲ್ಲಿ ಪಕ್ಕ ಕೂರಿಸಿಕೊಂಡವಳು. ಅವಳೂ ಇದೇ ಮಾತ್ರೆಯವಳು.

"ಒಂದ ಉಳದೈತೇನು? ಇವತ್ತಿಂದು ಇವತ್ತ ನುಂಗವ್ವ."

"ಅರ್ಧ ಮಾಡಿ ನಾಳೆಗೂ ಇಟ್ಕೊಂಡ್ರೆ?"

"ಹುಚ್ಚಿ! ನೀ ಅರ್ಧ ನುಂಗಿದ್ರ ರೋಗಾನೂ ಅರ್ಧ ಏಳತೈತೇನು? ಅದು ಪೂರಾ ಎದ್ದು ಕುಂದರತೈತಿ. ಆಮ್ಯಾಲ ಈ ಗುಳಿಗಿಗೆ ಬಗ್ಗಂಗಿಲ್ಲ. ಮತ್ತೊಬ್ಬರ ಹತ್ರ ಕಡಾ ಇಸಗೊಳ್ಳದೂ ಬ್ಯಾಡ, ಅವ್ರ ಗುಳಿಗಿ ಬ್ಯಾರೆ ಇರತಾವು. ನಾಳಿ ಸೆಂಟರಿಗೆ ಬಾ. ನಾನೂ ಬರಾಕಿ."

"ಮಾತ್ರೆ ಏನಾಯ್ತು ಅಂತ ಕೇಳ್ತಾರಕ್ಕ. ಹುಳು ತಿಂದ್ವು ಅಂದ್ರೆ ನಂಬ್ತಾರಾ?"

ಆ ಕಡೆ ಎಣ್ಣೆಗೆ ಮೆಣಸಿನಕಾಯಿ ಬಿಟ್ಟ ಸದ್ದು, ಅದರ ಮೇಲೆ ಅವಳ ನಗು.

"ಹಂಗಾರ ತಿನಿಸಿದವ್ರನ್ನ ಕರಕೊಂಡ ಬಾ."

ಅವಳು ತಮಾಷೆಗೆ ಅಂದಳು. ನಾನು ತಮಾಷೆ ಎಂದುಕೊಳ್ಳಲಿಲ್ಲ.

ಮರುದಿನ ಎಂದಿನಂತೆ ಸೊಪ್ಪು ಕೊಯ್ದೆ. ಹುಳು ಹಣ್ಣಾಗುವ ಹೊತ್ತು, ಇನ್ನೊಂದೆರಡು ಸಲ ತಿಂದರೆ ಗೂಡು ಕಟ್ಟಲು ಏಳುತ್ತವೆ. ದೊಡ್ಡ ಹೊರೆ ಕಟ್ಟಿ ತಲೆ ಮೇಲೆ ಹೊತ್ತು ಬಂದೆ. ಅಂಗಳದ ಅಂಚಿನಲ್ಲಿ ನಿಲ್ಲಲಿಲ್ಲ. ನೆಟ್ಟಗೆ ಹೋಗಿ ಹುಳುಮನೆಯ ಬಾಗಿಲಿಗೆ ಅಡ್ಡವಾಗಿ ಹೊರೆ ಕೆಡವಿದೆ. ಅದರ ಮೇಲೆ ಕೂತೆ.

ಕಾಟಮ್ಮ ಬಂದಳು. ಗೋಡೆಗೆ ಹೇಳಿದಳು: "ಅಲ್ಲಿ ಇಳಿಸು ಅಂದ್ರೆ ಇಲ್ಲಿ ಬಂದ್ ಕೂತವ್ಳಲ್ಲ!"

ಗೋಡೆ ಸುಮ್ಮನಿತ್ತು. ನಾನೂ ಸುಮ್ಮನಿದ್ದೆ. ಬೇರೆ ದಾರಿಯಿಲ್ಲದೆ ಅವಳು ನನ್ನ ಕಡೆ ತಿರುಗಿದಳು. ಮೊದಲ ಸಲ ನೋಡುತ್ತಿದ್ದೇನೆ, ಅವಳ ಕಣ್ಣು ಬೆಕ್ಕಿನ ಕಣ್ಣು.

"ಏಳೇ."

"ಏಳಲ್ಲ."

ಯಾರು ಅಂದದ್ದು ಎಂದು ನಾನೇ ತಿರುಗಿ ನೋಡಿದೆ. ನಾನೇ.

"ಸೊಪ್ಪು ಬಾಡ್ತದೆ ಕಣೇ!"

"ಬಾಡ್ಲಿ."

ಕದರಪ್ಪ ಓಡಿ ಬಂದ. ಒಳಗಿದ್ದ ಕೂಲಿ ಹೆಂಗಸರು ಬಾಗಿಲಿಗೆ ಬಂದು ಕತ್ತು ಚಾಚಿದರು.

"ಏನಮ್ಮಿ ನಿಂದು?"

"ನನ್ ಮಾತ್ರೆ ಗೌಡ್ರೆ."

"ಯಾವ್ ಮಾತ್ರೆ?"

"ನಿಮ್ ಹುಳು ತಿಂದದ್ದು."

ಕಾಟಮ್ಮನ ಬಾಯಿ ಬೇಗ ತೆರೆಯಿತು. "ಥೂ! ನಿನ್ ಮಾತ್ರೆ ನಾವ್ ಮುಟ್ಟಾನ? ನೀನ್ ಮುಟ್ಟಿದ್ದು ನಾವ್ ಮುಟ್ಟಾನ?"

"ಮುಟ್ಟೀರಿ ಅಮ್ಮಾರೆ. ಒಳ್ಳಲ್ಲಿ ಹಾಕಿ ಕುಟ್ಟೀರಿ. ಬಿಳೀ ಪುಡಿ ಇನ್ನೂ ಅಂಟ್ಕಂಡೈತೆ, ನೋಡಿ."

ಎಲ್ಲರೂ ಹಿತ್ತಲ ಒರಳಿನ ಕಡೆ ತಿರುಗಿದರು. ಕೂಲಿಯವರಲ್ಲಿ ಒಬ್ಬಳು ಮೆಲ್ಲಗೆ ಕೇಳಿದಳು: "ಅಮ್ಮಾರೆ, ನಿನ್ನೆ ನಮ್ಗೆಲ್ಲ ಚಟ್ನಿ ರುಬ್ಬಿದ್ದು ಅದೇ ಒಳ್ಳಲ್ಲಿ ಅಲ್ವಾ?"

ಯಾರೋ ಉಗಿದರು. ಇನ್ನೊಬ್ಬಳು ಹೊಟ್ಟೆ ಹಿಡಿದುಕೊಂಡಳು. ಚಟ್ನಿಯಿಂದ ಏನೂ ಬರುವುದಿಲ್ಲ, ಮಾತ್ರೆಯಿಂದ ರೋಗ ಬರುವುದಿಲ್ಲ, ನನ್ನಿಂದಲೂ ಹಾಗೆ ಬರುವುದಿಲ್ಲ ಎಂದು ನಾನು ಹೇಳಬಹುದಿತ್ತು. ಕೇಳಿದ್ದರೆ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ.

"ಎಳ್ದಾಕ್ರೇ ಅವಳನ್ನ!" ಕಾಟಮ್ಮ ಕಿರುಚಿದಳು.

ಯಾರೂ ಕದಲಲಿಲ್ಲ. ಅವಳನ್ನು ಮುಟ್ಟಬೇಡಿ ಎಂದು ಇಷ್ಟು ವರ್ಷ ಊರಿಗೆ ಕಲಿಸಿದವರು ಅವರೇ. ಊರು ಚೆನ್ನಾಗಿ ಕಲಿತಿತ್ತು. ಕದರಪ್ಪ ಒಂದು ಹೆಜ್ಜೆ ಮುಂದೆ ಬಂದ, ಕೈ ಚಾಚಿದ, ಕೈಯನ್ನು ಪಂಚೆಗೆ ಒರೆಸಿಕೊಂಡು ಹಿಂದೆ ಹೋದ. ಆಮೇಲೆ ಉದ್ದನೆಯ ಕೋಲು ತಂದು ನನ್ನ ಪಕ್ಕೆಗೆ ತಿವಿದ. ಎಮ್ಮೆ ಎಬ್ಬಿಸುವಂತೆ. ಕೋಲಿನ ಈ ತುದಿಯನ್ನು ನಾನು ಗಟ್ಟಿಯಾಗಿ ಹಿಡಿದೆ. ಆ ತುದಿಯನ್ನು ಅವನು ಥಟ್ಟನೆ ಬಿಟ್ಟ.

ಒಬ್ಬರಿಬ್ಬರು ನಕ್ಕರು. ನನಗೆ ನಗು ಬರಲಿಲ್ಲ. ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡೆ.

"ದುಡ್ಡು ಕೊಡ್ತೀನಿ, ಮೆಡಿಕಲ್ ಶಾಪಲ್ಲಿ ತಗೋ ಹೋಗು," ಕದರಪ್ಪ ಅಂದ.

"ಇಲ್ಲಿ ಅಂಗ್ಡೀಲಿ ಸಿಗಲ್ಲ. ಸೆಂಟರಲ್ಲೇ ಕೊಡೋದು. ಮಾತ್ರೆ ಏನಾಯ್ತು ಅಂತ ನೀವ್ ಬಂದು ಹೇಳ್ಬೇಕು."

"ಆ ಸೆಂಟರಿಗೆ? ನಾನಾ?"

"ಇವತ್ತಿನ ಮಾತ್ರೆ ಇಲ್ಲ ನನ್ನತ್ರ. ಇವತ್ತೇ ಬರ್ಬೇಕು."

ಒಳಗಿಂದ ಕೂಗು ಬಂತು: "ಗೌಡ್ರೇ, ಸೊಪ್ಪಿಲ್ದೆ ಹುಳು ತಲೆ ಎತ್ತವೆ! ಸ್ಟ್ಯಾಂಡ್ ಅಂಚಿಗ್ ಬತ್ತಾ ಅವೆ!"

"ನಾಳೆ ಬತ್ತೀನಿ ಕಣಮ್ಮಿ. ದೇವ್ರಾಣೆ."

ನಾನು ಎದ್ದೆ. ಅವನ ಮುಖ ಅರಳಿತು. ನಾನು ಹೊರೆ ದಾಟಿ ಬಾಗಿಲ ಕಡೆ ತಿರುಗಿ ಸುಣ್ಣದ ಪುಡಿಯಲ್ಲಿ ಒಂದು ಕಾಲಿಟ್ಟೆ.

"ಹಂಗಾದ್ರೆ ನಾನ್ ಒಳಕ್ಕೋಗಿ ಹುಳನ್ನೇ ಕೇಳ್ತೀನಿ, ಮಾತ್ರೆ ವಾಪಸ್ ಕೊಡ್ರಪ್ಪ ಅಂತ."

ಕದರಪ್ಪ ಮೊಪೆಡ್ ಸ್ಟಾರ್ಟ್ ಮಾಡಿದ ಸದ್ದು ಊರಿಗೆಲ್ಲ ಕೇಳಿತು.

ಸೀಟಿನ ಮೇಲೆ ನಮ್ಮಿಬ್ಬರ ನಡುವೆ ಗೋಣಿಚೀಲವೊಂದನ್ನು ಮಡಚಿ ಇಟ್ಟ. ಆಸ್ಪತ್ರೆಯ ಗೇಟು ಬಂದಾಗ ಟವಲನ್ನು ತಲೆಯಿಂದ ಮೂಗಿನವರೆಗೆ ಸುತ್ತಿಕೊಂಡ. ಕಣ್ಣೆರಡು ಉಳಿದವು.

ಸೆಂಟರಿನ ಬೆಂಚಿನಲ್ಲಿ ಅನ್ನದಾನಮ್ಮ ಆಗಲೇ ಕೂತಿದ್ದಳು.

"ಯಾರವ್ವಾ ಇವ್ರು? ಹೊಸಬರೇನು?"

"ನಮ್ ಗೌಡ್ರು."

ಅವಳ ಕಣ್ಣು ಮಿಂಚಿತು. "ಬರ್ರಿ ಗೌಡ್ರ, ಬರ್ರಿ, ಕುಂದರ್ರಿ. ಅಂಜಬ್ಯಾಡ್ರಿ. ಮೊದಲನೇ ಸಲ ಎಲ್ಲಾರೂ ಹಿಂಗ ಮಕ ಮುಚ್ಕೊಂಡ ಬರ್ತಾರ."

"ನಂಗ್ ಏನೂ ಇಲ್ಲಮ್ಮ!"

"ಹೌದ್ರಿ. ಹಂಗ ಅಂತಾರ."

"ನಂದಲ್ಲಮ್ಮ, ಹುಳದ್ದು... ನಮ್ ರೇಷ್ಮೆ ಹುಳಕ್ಕೆ..."

"ಅಯ್ಯ ಶಿವನ! ಹುಳಕ್ಕ ಬಂತೇನ್ರಿ? ಯಾಕ, ಹುಳ ಎಲ್ಲೆಲ್ಲಿಗೆ ಹೋಗಿದ್ವು?"

ಬೆಂಚು ಇಡೀ ಅಲುಗಾಡಿತು. ಅಲ್ಲಿ ಯಾರೂ ಸಾಮಾನ್ಯವಾಗಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಅವತ್ತು ಎಲ್ಲರೂ ತಲೆ ಎತ್ತಿ ನಕ್ಕರು. ಸತ್ಯ ಹೇಳಿದ ಕದರಪ್ಪನೊಬ್ಬನೇ ಸುಳ್ಳುಗಾರನಂತೆ ಬೆವರಿದ.

ಬೆಂಚಿನ ಆ ತುದಿಯಿಂದ ಒಬ್ಬರು ಎದ್ದು ಬಂದು ಅವನೆದುರು ನಿಂತರು. ಬಿಳಿ ಅಂಗಿ, ಜೇಬಿನಲ್ಲಿ ಕನ್ನಡಕ. ಗೂಡಿನ ವ್ಯಾಪಾರಿ ತಿಪ್ಪಯ್ಯ. ಮಾರುಕಟ್ಟೆಯಲ್ಲಿ ಕದರಪ್ಪನ ರೇಷ್ಮೆಗೂಡನ್ನು ಹಿಡಿ ಹಿಡಿಯಾಗಿ ಎತ್ತಿ ನೋಡಿ ದರ ಹೇಳುವವರು.

"ಟವಲ್ ತಗಿ ಕದರಪ್ಪ. ನಿನ್ ಕಾಲುಂಗುಷ್ಠ ನೋಡೇ ಗುರ್ತು ಹಿಡ್ದೆ."

"ತಿಪ್ಪಯ್ಯ! ನೀನ್ ಇಲ್ಲೇನ್ ಮಾಡ್ತಿದ್ದೀಯ?"

"ಎಲ್ರೂ ಮಾಡೋದೇ. ಮಾತ್ರೆ ಇಸ್ಕೊಳ್ಳಾಕ್ ಬಂದೆ. ಬಾಳ ವರ್ಸದಿಂದ ಬತ್ತಾ ಇದ್ದೀನಿ."

"ನಿನ್ಗಾ? ಮೊನ್ನೆ ತಾನೆ ಬೈ-ಟು ಟೀ ಕುಡಿದ್ವಲ್ಲೋ!"

"ಕುಡಿದ್ವಿ. ಅದ್ರ ಹಿಂದಿನ ಬೆಳೆಗೂ ಕುಡಿದ್ವಿ. ನಿನ್ ಮಗಳ ಮದ್ವೇಲಿ ಒಂದೇ ಎಲೆ ಅಡಿಕೆ ಹಾಕಂಡ್ವಿ. ಸತ್ಯಾ?"

ಕದರಪ್ಪ ನಾಲಿಗೆಯನ್ನು ಬಾಯೊಳಗೆ ಒಮ್ಮೆ ತಿರುಗಿಸಿದ, ಏನಾದರೂ ಅಂಟಿದೆಯೇ ಎಂದು ಹುಡುಕುವವನಂತೆ.

"ಊರಿಗೆ ಬೇಕಾದ್ರೆ ಹೇಳು," ತಿಪ್ಪಯ್ಯ ಅಂದರು. "ನಂಗೂ ಬಚ್ಚಿಟ್ಟು ಸಾಕಾಗೈತೆ. ಆದ್ರೆ ನೀನ್ ಇಲ್ಲಿ ಯಾಕ್ ಬಂದಿದ್ದೆ ಅಂತಾನೂ ಹೇಳ್ಬೇಕಾಯ್ತದೆ, ನೋಡ್ಕೋ."

ನಮ್ಮ ಸರದಿ ಬಂತು. ಒಳಗೆ ಮೇಡಂ ಡಬ್ಬಿ ನೋಡಿ ಹುಬ್ಬೇರಿಸಿದರು. "ಏಮ್ಮಾ, ಅಪ್ಪುಡೇ ಅಯಿಪೋಯಿಂದಾ? ಇಷ್ಟು ಬೇಗ ಹೇಗೆ ಖಾಲಿ?"

ನಾನು ಕದರಪ್ಪನ ಕಡೆ ನೋಡಿದೆ. ಅವನು ಸೂರಿನ ಕಡೆ ನೋಡಿದ. ಫ್ಯಾನು ಏನೂ ಹೇಳಲಿಲ್ಲ. ಕೊನೆಗೆ ತೆಲುಗು ಕನ್ನಡ ಬೆರೆಸಿ ಉಗುಳು ನುಂಗುತ್ತ ಹೇಳಿದ.

"ಪುರುಗುಲಕಾ? ಹುಳಕ್ಕಾ?" ಮೇಡಂ ಪೆನ್ನು ಕೆಳಗಿಟ್ಟರು. ಒಂದು ಕ್ಷಣ ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ಕೈ ತೆಗೆದಾಗ ಮುಖದಲ್ಲಿ ನಗು ಇರಲಿಲ್ಲ.

"ಈ ಹುಡುಗಿಗೆ ಮಾತ್ರೆ ತಪ್ಪಿದರೆ ಒಳಗೆ ಮಲಗಿರೋ ರೋಗ ಏಳುತ್ತೆ. ಎದ್ದದ್ದು ಈ ಮಾತ್ರೆಗೆ ಮತ್ತೆ ಮಲಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ನೀವು ಕುಟ್ಟಿದ್ದು ಮಾತ್ರೆ ಅಲ್ಲ ಯಜಮಾನ್ರೇ, ಇವಳ ದಿನಗಳು. ಹುಳಕ್ಕೆ ಇದರಿಂದ ಕೂದಲಷ್ಟೂ ಉಪಯೋಗ ಇಲ್ಲ."

ಕದರಪ್ಪ ಕೈ ಮುಗಿದ. ಅದು ಅವರ ಮಾತಿಗಲ್ಲ. "ಅಮ್ಮಾ, ಕುಟ್ಟುವಾಗ ಪುಡಿ ಮೂಗಿಗೆ ಹೋಗೈತೆ. ನಂಗೆ ಬಂದಿರ್ತದಾ?"

"ಮಾತ್ರೆಯಿಂದ ರೋಗ ಬರಲ್ಲ."

"ಆದ್ರೂ ಒಂದ್ಸಲ ನೋಡಿಬಿಡಿ. ಟೀ ಬ್ಯಾರೆ ಕುಡ್ದಿದ್ದೀನಿ."

ಟೀಯಿಂದಲೂ ಬರಲ್ಲ ಎಂದು ಮೇಡಂ ಎಷ್ಟು ಹೇಳಿದರೂ ಅವನು ತೋಳು ಮಡಚಿ ಕೂತೇಬಿಟ್ಟ. ರಕ್ತ ಕೊಟ್ಟು ಬಂದು ನನ್ನ ಪಕ್ಕ ಕಾಯುತ್ತ ಕೂತ. ಭಯಕ್ಕೆ ದೂರ ಕೂರುವುದನ್ನು ಮರೆತಿದ್ದ.

"ಸೌಮ್ಯ," ಅಂದ. ಅವನ ಬಾಯಲ್ಲಿ ನನ್ನ ಹೆಸರು ಅದೇ ಮೊದಲು. "ಅಕಸ್ಮಾತ್ ಇದ್ರೆ ಏನ್ ಮಾಡ್ಬೇಕಾಯ್ತದೆ?"

"ದಿನಾ ಒಂದು ಮಾತ್ರೆ."

"ಅಷ್ಟೇನಾ?"

"ಅಷ್ಟೇ. ಯಾರೂ ಕದ್ದು ಹುಳಕ್ಕೆ ಹಾಕ್ದಿದ್ರೆ."

ಟವಲಿನ ತುದಿಯನ್ನು ಬೆರಳಿಗೆ ಸುತ್ತಿದ. "ಮನೇಲಿ?"

"ಅಂಗಳದ ಅಂಚಲ್ಲಿ ನಿಲ್ಲಿಸ್ತಾರೆ. ಅಮ್ಮಾರು ಗೋಡೆ ಜೊತೆ ಮಾತಾಡ್ತಾರೆ. ನೀವ್ ಕೇಳಿಸ್ಕೋಬೇಕು."

ಅವನು ಮುಖವನ್ನು ಟವಲಿನಲ್ಲಿ ಒತ್ತಿಕೊಂಡ.

ಅವನಿಗೆ ಏನೂ ಇಲ್ಲ ಅಂದರು. ಮುಖಕ್ಕೆ ಜೀವ ಬಂತು. ಜೀವ ಬಂದ ಕೂಡಲೇ ಬೆಂಚಿನಲ್ಲಿ ನನ್ನಿಂದ ಒಂದು ಮೊಳ ಆಚೆಗೆ ಸರಿದು ಕೂತ. ಅನ್ನದಾನಮ್ಮ ನೋಡುತ್ತಲೇ ಇದ್ದಳು. "ನೋಡವ್ವಾ, ಗೌಡ್ರಿಗೆ ಆರಾಮಾತು" ಅಂದಳು. ಈ ಸಲ ಯಾರೂ ನಗಲಿಲ್ಲ.

ಹೊಸ ಡಬ್ಬಿ ನನ್ನ ಕೈಗೆ ಬಂತು. ಮೆಲ್ಲಗೆ ಗೊಣಗುವ ತುಂಬಿದ ಡಬ್ಬಿ. ಅದನ್ನು ವೇಲಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಕಟ್ಟಿಕೊಂಡೆ. ಅಷ್ಟರಲ್ಲಿ ಕದರಪ್ಪನ ಫೋನು ಬಡಿದುಕೊಂಡಿತು. ಕಾಟಮ್ಮನ ಕೂಗು ಬೆಂಚಿಗೆಲ್ಲ ಕೇಳಿತು.

"ಎಲ್ಲಿದ್ದೀರಾ? ಹುಳು ಹಣ್ಣಾಗ್ಬಿಟ್ಟವೆ ಕಣ್ರೀ! ಸೊಪ್ಪಲ್ಲೇ ನೂಲು ಬಿಡ್ತಾ ಅವೆ! ಚಂದ್ರಿಕೆಗೆ ಹಾಕಾಕೆ ಒಂದ್ ನರಪಿಳ್ಳೆ ಇಲ್ಲ! ಚಟ್ನಿ ತಿಂದವ್ರೆಲ್ಲ ಎದ್ದೋದ್ರು, ಊರ್ ತುಂಬ ಹೇಳವ್ರೆ, ಬ್ಯಾರೇರೂ ಬರಾಕಿಲ್ಲ ಅಂತವ್ರೆ!"

ಹಣ್ಣಾದ ಹುಳು ಕಾಯುವುದಿಲ್ಲ. ಒಂದೊಂದನ್ನೇ ಕೈಯಿಂದ ಆರಿಸಿ ಚಂದ್ರಿಕೆಯ ಬಿದಿರು ಸುರುಳಿಗೆ ಬಿಡದಿದ್ದರೆ ಕಂಡ ಕಂಡಲ್ಲಿ ನೂಲು ಸುತ್ತಿ, ಗೂಡು ಕಸದ ಪಾಲು. ಕದರಪ್ಪ ನನ್ನ ಕೈಗಳನ್ನು ನೋಡಿದ. ಕಪ್ಪು ಬೆರಳುಗಳು. ಏನೋ ಲೆಕ್ಕ ಹಾಕಿದ. "ಬಾರವ್ವ, ಹೋಗಾಣ" ಅಂದ. ಅವ್ವ ಅಂದ.

ನಾವು ಬಂದಾಗ ಹೊತ್ತು ಇಳಿದಿತ್ತು. ಕಾಟಮ್ಮ ತಲೆಗೂದಲು ಕೆದರಿಕೊಂಡು, ಎರಡೂ ಕೈಯಲ್ಲಿ ಹುಳು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳ ಸೆರಗಿನ ಮೇಲೂ ಒಂದೆರಡು ಹತ್ತಿದ್ದವು.

"ಸೌಮ್ಯ, ಬಾರೇ ಒಳಕ್ಕೆ, ಬೇಗ ಬಾ!"

ಚಪ್ಪಲಿ ಬಿಟ್ಟೆ. ಅವರ ಜಗುಲಿಯ ಮೇಲೆ ಹತ್ತಿ ಕೂತೆ.

"ಬತ್ತೀನಿ ಅಮ್ಮಾರೆ. ಮೊದ್ಲು ನನ್ ಮಾತ್ರೆ. ಹೊತ್ತಾಯ್ತು."

"ಆಮ್ಯಾಕ್ ನುಂಗಿದ್ರಾಯ್ತು ಕಣೇ, ಹುಳು ನೂಲು ಬಿಡ್ತಾ ಅವೆ!"

"ಹುಳಕ್ಕೆ ಅರ್ಜೆಂಟು, ನಂಗೂ ಅರ್ಜೆಂಟು. ಬೆಳಗ್ಗಿಂದ ಹೊಟ್ಟೆಗಿಲ್ಲ. ಊಟ ಹಾಕಿ. ಉಂಡು ನುಂಗ್ತೀನಿ."

ಅವಳು ಗಂಡನನ್ನು ನೋಡಿದಳು. ಗಂಡ ನೆಲ ನೋಡಿದ. ಒಳಗೆ ಓಡಿದಳು. ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು, ಚೊಂಬಿನಲ್ಲಿ ನೀರು ತಂದು ನನ್ನೆದುರು ಇಟ್ಟಳು. ಅವಳ ಸೆರಗಿನಿಂದ ನನ್ನ ಕೈಗೆ ಒಂದು ಹುಳು ಉರುಳಿ ಬಿತ್ತು. ಇಬ್ಬರೂ ನೋಡಿದೆವು. ಅದು ನನ್ನ ಬೆರಳ ಮೇಲೆ ತಲೆ ಎತ್ತಿ ಅತ್ತಿತ್ತ ಆಡಿಸಿತು, ಗೂಡು ಕಟ್ಟಲು ಒಳ್ಳೆಯ ಜಾಗ ಎಂಬಂತೆ. ಎತ್ತಿ ಮತ್ತೆ ಅವಳ ಸೆರಗಿಗೆ ಬಿಟ್ಟೆ.

ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಿನಲ್ಲಿ ಹೊರಳಿಸಿ ನುಂಗುತ್ತಾರೆ. ಅವತ್ತು ನಾನು ಅಗಿದೆ. ಒಂದೊಂದು ತುತ್ತನ್ನೂ ಅಗಿದೆ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದೆ. ಉಪ್ಪು ಬಂತು.

"ನಾಳೆ ನಾನ್ ಎಲ್ಲಿ ನಿಲ್ಬೇಕು ಅಮ್ಮಾರೆ?"

"ಅಯ್ಯೋ, ಈಗದ್ಯಾಕೆ?"

"ಸುಮ್ನೆ ಕೇಳ್ದೆ. ಅಂಗಳದಲ್ಲೋ, ಒಳಗೋ?"

ನಾನು ತಟ್ಟೆ ಮುಂದೆ ನೂಕಿದೆ. "ಇನ್ನೊಂದ್ ಮುದ್ದೆ ಹಾಕಿ. ನಂಗೇನ್ ಅವಸರ ಇಲ್ಲ."

"ಒಳಗೇ," ಅಂದಳು.

"ಕೇಳಿಸ್ಲಿಲ್ಲ."

"ನಾಳೆನೂ ಒಳಗೇ, ನಾಡಿದ್ದೂ ಒಳಗೇ ಬಾರೇ ನನ್ನವ್ವ! ನಿನ್ ದಮ್ಮಯ್ಯ, ಆ ಮಾತ್ರೆ ನುಂಗೇ!"

ಕೈ ತೊಳೆದೆ. ಸೊಂಟದ ಗಂಟು ಬಿಚ್ಚಿ ಡಬ್ಬಿ ತೆಗೆದು, ಮುಚ್ಚಳ ಒತ್ತಿ ತಿರುಗಿಸಿ, ಬಿಳಿ ಮಾತ್ರೆಯನ್ನು ನಾಲಿಗೆಯ ಮೇಲಿಟ್ಟುಕೊಂಡೆ. ಚೊಂಬೆತ್ತಿ ನೀರು ಕುಡಿದೆ. ಕಾಟಮ್ಮ ಬಗ್ಗಿ ನನ್ನ ಗಂಟಲನ್ನೇ ನೋಡುತ್ತಿದ್ದಳು. ಮಾತ್ರೆ ಕೆಳಗಿಳಿದದ್ದು ಕಂಡ ಮೇಲೆ ಅವಳೇ ಉಸಿರು ಬಿಟ್ಟಳು. ನಮ್ಮಜ್ಜಿಯೊಬ್ಬಳನ್ನು ಬಿಟ್ಟರೆ, ನನ್ನ ಮಾತ್ರೆ ಇಳಿಯಲೆಂದು ಅಷ್ಟು ಆಸೆಯಿಂದ ಕಾದವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ.